ಅಪ್ಪನ ಕೆಂಪು ಶಾಯಿ

ಸೋಮವಾರ, ಫೆಬ್ರುವರಿ 3

ಈ ಡೈರಿ ಅಪ್ಪ ಕೊಟ್ಟದ್ದು. ಯಾವುದೋ ಔಷಧಿ ಕಂಪನಿ ಹಂಚಿದ್ದು, ಮ್ಯಾಲ ಕೆಮ್ಮಿನ ಸಿರಪ್ಪಿನ ಚಿತ್ರ ಅದ. ಕಮಲಾಪುರದಾಗ ಬಸ್ಸು ಹತ್ತಿದ ಮ್ಯಾಲ ಕಿಡಕಿಯೊಳಗ ಕೈ ಹಾಕಿ ನನ್ನ ತೊಡಿ ಮ್ಯಾಲ ಇಟ್ಟು, "ದಿನಾ ಕಲ್ತದ್ದು ದಿನಾ ಬರ್ಕೋ ಶೀಲಾ" ಅಂದ. ಅಪ್ಪಗ ಅದೊಂದು ರೋಗ. ಹಾಲು ತಂದೆ ಅಂದ್ರೂ ಬರ್ಕೊಂಡಿಯೇನು, ಹಲ್ಲು ನೋಯ್ತದ ಅಂದ್ರೂ ಬರ್ಕೊಂಡಿಯೇನು. ನಾ ದಿನಾ ಏನೂ ಬರಿಯಂಗಿಲ್ಲ. ಮನಸ್ಸು ಬಂದ ದಿನ ಬರೀತೀನಿ, ಬ್ಯಾಸರ ಬಂದ ದಿನ ಬಿಡ್ತೀನಿ. ಓದವ್ರು ಯಾರೂ ಇಲ್ಲ, ಹಂಗಾಗಿ ಸುಳ್ಳು ಬರಿಯೋ ತಕಲೀಫೂ ಇಲ್ಲ.

ಇಲ್ಲಿ ಶಹರದೊಳಗ ಗಾಜಿಪುರ ಓಣಿಯಾಗ ರೂಮ್ ಸಿಕ್ಕದ. ಮನಿ ಮಾಲಕಿ ಇಂದೂಬಾಯಿ. ಅರವತ್ತೆಂಟು ವಯಸ್ಸು, ಎಲ್ಲಾರೂ ಕಾಕು ಅಂತಾರ, ನಾನೂ ಕಾಕು ಅಂದೆ. ಮಗ ಸೊಸಿ ಇಬ್ರೂ ನೌಕರಿಗೆ ಹೋಗ್ತಾರ, ಹಗಲೆಲ್ಲ ಕಾಕು ಮತ್ತ ಅವರ ಮೊಣಕಾಲು ನೋವು ಇಬ್ಬರೇ ಮನಿಯಾಗ. ನಿಮ್ಮವರು ಯಾರವ್ವಾ ಅಂತ ಕೇಳಿದ್ರು. ಬೌದ್ಧರು ಅಂದೆ. "ಚಹಾ ಕುಡೀತಿ ಹೌದಿಲ್ಲೋ ಬಾಳಾ" ಅಂದ್ರು. ಆಮ್ಯಾಲ, ಅಡಿಗಿಮನಿಯೊಳಗ ಮಾತ್ರ ಬರಬ್ಯಾಡ, ಮಡಿ ಅದ ಅಂತಾನೂ ಹೇಳಿದ್ರು. ಚಹಾ ಛಲೋ ಇತ್ತು. ಸಿಟ್ಟು ಬಂದಿತ್ತು, ಆದ್ರ ಬಾಡಗಿ ಕಡಿಮಿ.

ತರಬೇತಿ ಸೇಡಂ ರಸ್ತಿ ಮ್ಯಾಲಿನ ಒಂದು ಕಾಲೇಜಿನಾಗ, ಆರು ವಾರ, ಹನ್ನೆರಡು ಮಂದಿ. ಔಷಧಿ ಮಂದಿ ಮೈಯಾಗ ಏನು ಮಾಡ್ತದ ಅಂತ ಪ್ರಯೋಗಶಾಲಿ ಬಿಟ್ಟು ಊರೂರಿನ ದವಾಖಾನಿ ದಾಖಲಿಯೊಳಗ ಹುಡುಕೋದು ಅರ್ಧ. ಬ್ಯಾರೆ ಬ್ಯಾರೆ ಕಡಿ ಸಿಕ್ಕ ಉತ್ತರ ಕೂಡಿಸಿ ಒಂದು ಉತ್ತರ ತೆಗಿಯೋದು ಇನ್ನರ್ಧ, ಅದಕ್ಕ ಮೆಟಾ-ಅನಾಲಿಸಿಸ್ ಅಂತಾರ. ಕಲಿಸವ್ರು ಸುಮೇಧಾ ಮೇಡಂ. ಸಣ್ಣ ಜೀವ, ಹತ್ತಿ ಸೀರಿ, ದನಿ ಏರಸಂಗಿಲ್ಲ. ಬೋರ್ಡಿನ ಮ್ಯಾಲ ಒಂದು ಅಂಕಿ ಬರದು, ಇದನ್ನ ನೋಡಿ ಮೊದಲ ಏನು ಕೇಳ್ತೀರಿ ಅಂದ್ರು. ಹನ್ನೆರಡು ಮಂದಿ ಹನ್ನೆರಡು ಜಾಣತನ ತೋರಿಸಿದ್ವಿ. ಎಲ್ಲಾ ಕೇಳಿ, "ಇದನ್ನ ಯಾರು ಬರದಾರ, ಅದನ್ನ ಕೇಳ್ರಿ" ಅಂದ್ರು. ಇಷ್ಟಕ್ಕ ಆರು ವಾರ ಬೇಕಾ?

ಬುಧವಾರ, ಫೆಬ್ರುವರಿ 5

ಮೇಡಂ ಒಂದು ಕಾಯ್ದೆ ಇಟ್ಟಾರ. ಒಂದು ರಜಿಸ್ಟರನ್ನ ಇಬ್ರು ಓದಬೇಕು, ಬ್ಯಾರೆ ಬ್ಯಾರೆ ಕೋಣಿಯಾಗ ಕೂತು. ಒಬ್ರ ಹಾಳಿ ಇನ್ನೊಬ್ರು ನೋಡಂಗಿಲ್ಲ, ಚಹಾ ಕುಡಿಯುವಾಗೂ ಅದರ ಮಾತು ಎತ್ತಂಗಿಲ್ಲ. ಎರಡೂ ಮುಗದ ಮ್ಯಾಲ ಎದುರಾಬದುರಾ ಇಟ್ಟು ತಾಳೆ ನೋಡೋದು. ಒಬ್ಬರೇ ಓದಿದ್ರ ಕಣ್ಣು ತನಗ ಬೇಕಾದದ್ದು ನೋಡ್ತದಂತ.

ಆರು ಊರಿನ ಧರ್ಮಾರ್ಥ ದವಾಖಾನಿಗಳಿಂದ ಮೂರು ವರ್ಷದ ರಜಿಸ್ಟರು ತರಿಸ್ಯಾರ. ಪ್ರಶ್ನಿ ಒಂದೇ: ಮೊಣಕಾಲು ನೋವಿನ ಗುಳಿಗಿ ಹತ್ತು ದಿನಕ್ಕಿಂತ ಹೆಚ್ಚು ತಗೊಂಡವರೊಳಗ ನೂರಕ್ಕ ಎಷ್ಟು ಮಂದಿಗೆ ಹೊಟ್ಟಿ ಕೆಟ್ಟದ, ಕಾಲು ಬಾತದ? ಕಡೀಕ ಫಲಿತಾಂಶದ ಪ್ರತಿ ಆರೂ ದವಾಖಾನಿಯ ಕಮಿಟಿಗೆ ಹೋಗ್ತದ.

ಯಾರ್ಯಾರ ಊರು ಯಾವುದು ಅಂತ ಕೇಳಿ ಮೇಡಂ ಹಂಚಿದ್ರು. ಕಮಲಾಪುರದ ಸೂಗಪ್ಪ ಸಾವ್ಕಾರರ ದವಾಖಾನಿ ನನಗ ಮತ್ತ ಧೀರೇಂದ್ರಗ ಬಂತು. ಧೀರೇಂದ್ರ ಡಾಕ್ಟರಕಿ ಓದಿದವ, ಒಳ್ಳೆಯವ, ಬಾಯಿ ಮಾತ್ರ ಸುಮ್ನಿರಂಗಿಲ್ಲ. ಅದೇ ದವಾಖಾನಿಯಾಗ ನಮ್ಮಪ್ಪ ಮೂವತ್ನಾಲ್ಕು ವರ್ಷದಿಂದ ಕಂಪೌಂಡರ್, ಮುಂದಿನ ತಿಂಗಳು ಆಖೀರಿಗೆ ರಿಟೈರ್ ಆಗ್ತಾನ. ಅದನ್ನ ನಾ ಹೇಳಬೇಕಿತ್ತು. ಹೇಳಲಿಲ್ಲ.

ಶನಿವಾರ, ಫೆಬ್ರುವರಿ 8

ಏಕಾದಶಿ. ಕಾಕು ನೀರು ಸುದ್ದಾ ಕುಡಿಯಂಗಿಲ್ಲ, ತೀರ್ಥ ಅಷ್ಟೇ. ತೀರ್ಥದ ಜೋಡಿ ಮೊಣಕಾಲಿನ ಗುಳಿಗಿ ನುಂಗಿದ್ರು. "ಔಷಧಕ್ಕ ಉಪವಾಸ ಮುರಿಯಂಗಿಲ್ಲ ಬಾಳಾ" ಅಂತ ನಕ್ಕರು. ನನಗ ಕ್ಲಾಸಿಗೆ ತಡ ಆಗಿತ್ತು.

ಗುರುವಾರ, ಫೆಬ್ರುವರಿ 13

ಅಪ್ಪನ ರಜಿಸ್ಟರು ತೆಗದೆ. ಕಪ್ಪು ಶಾಯಿಯಾಗ ಹೆಸರು, ವಯಸ್ಸು, ಗುಳಿಗಿ, ಎಷ್ಟು ದಿನ. ಬಾಜೂಕ ಕೆಂಪು ಶಾಯಿಯಾಗ ಸಣ್ಣ ಅಕ್ಷರ. "ಮರಳಿ ಬಂದಳು. ಸಂಡಾಸ ಡಾಂಬರ್ ಬಣ್ಣ, ಮೂರು ದಿನ. ಗುಳಿಗಿ ಬಿಡಿಸಿದೆ." "ಮರಳಿ ಬಂದ. ಕಾಲು ಬಾವು, ಹೆಬ್ಬಟ್ಟು ಒತ್ತಿದರೆ ಕುಣಿ. ಗುಳಿಗಿ ಬಿಡಿಸಿದೆ." ಪುಟ ಪುಟಕ್ಕೂ ಹಿಂಗೇ. ಬ್ಯಾರೆ ಐದು ದವಾಖಾನಿ ರಜಿಸ್ಟರಿನಾಗ ಕೆಂಪು ಅನ್ನೋದೇ ಇಲ್ಲ, ಎಲ್ಲೋ ಒಂದೆರಡು ಕಡಿ ಕಪ್ಪಿನಾಗೇ ಬರದದ್ದು ಬಿಟ್ರ ಸ್ವಚ್ಛ ಅವ.

ಊಟದಾಗ ಧೀರೇಂದ್ರ ಕಾಯ್ದೆ ಮುರದು ಕಿವಿಯಾಗ ಅಂದ, "ಈ ಭೀಮಶಾ ಅನ್ನಾವ ಯಾರೋ ಮಾರಾಯ್ತಿ, ಇಡೀ ಕಮಲಾಪುರದ ಸಂಡಾಸ ಕಥಿ ಬರದಿಟ್ಟಾನ." ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಇದು ಹೊಸಾದಲ್ಲ. ಅಪ್ಪ ಕಿಡಕಿಯಾಗ ಕೂತು ಬಂದವರಿಗೆಲ್ಲಾ, ಹೊರಕಡಿ ಹೋದದ್ದು ಯಾವ ಬಣ್ಣ ಅದ ಅಂತ ಕೇಳ್ತಾನ. ಹೆಣ್ಮಕ್ಕಳು ಸೆರಗು ಬಾಯಿಗೆ ಹಿಡಕೊಂಡು ನಗ್ತಾರ. ಏಳನೇ ಕ್ಲಾಸಿನಾಗ ನನ್ನ ಹಿಂದ ಹುಡುಗ್ರು ಮೂಗು ಮುಚ್ಚಿಕೊಂಡು ಓಡ್ತಿದ್ರು. ಆ ವರ್ಷ ಮನಿಗೆ ಬಂದು ಅಪ್ಪನ ಕೆಂಪು ಪೆನ್ನು ಮುರದು ಹಿತ್ತಲದಾಗ ಒಗದಿದ್ದೆ. ಅಪ್ಪ ಮರದಿನ ಇನ್ನೊಂದು ತಂದ.

ಬುಧವಾರ, ಫೆಬ್ರುವರಿ 19

ಇವತ್ತು ತಾಳೆ ನೋಡೋ ದಿನ. ನನ್ನ ಹಾಳಿ, ಧೀರೇಂದ್ರನ ಹಾಳಿ ಎದುರಾಬದುರಾ. ನಾ ಓದಿದ್ರಾಗ ತಪ್ಪಾಗಿರಬೇಕು ಅಂತ ಮನಸ್ಸಿನಾಗೇ ಬೇಡ್ಕೊಳ್ಳಾಕತ್ತಿದ್ದೆ. ತಪ್ಪಿರಲಿಲ್ಲ. ಇಬ್ಬರದೂ ಒಂದೇ. ನೂರಕ್ಕ ಹತ್ತೊಂಬತ್ತು.

ಉಳಿದ ಐದು ಕಡಿ ನೂರಕ್ಕ ಒಂದು, ಎರಡು, ಭಾಳಂದ್ರ ಮೂರು.

ಶುಕ್ರವಾರ, ಫೆಬ್ರುವರಿ 21

ಮೇಡಂ ಕಂಪ್ಯೂಟರಿನಾಗ ಮಾಡಿಸಂಗಿಲ್ಲ, ಮೊದಲ ಕೈಲೇ ತೆಗೀರಿ ಅಂತಾರ. ಬೋರ್ಡಿನ ಮ್ಯಾಲ ನಟ್ಟನಡುವ ಒಂದು ಉದ್ದ ಗೆರಿ. ಒಂದೊಂದು ದವಾಖಾನಿಗೆ ಒಂದೊಂದು ಚೌಕ. ತೊಂದರಿ ಕಡಿಮಿ ಇದ್ರ ಎಡಕ್ಕ, ಹೆಚ್ಚಿದ್ರ ಬಲಕ್ಕ. ಐದು ಚೌಕ ಎಡಕ್ಕ ಒಂದರ ಕೆಳಗ ಒಂದು, ಅಕ್ಕ ತಂಗೇರು ನಿಂತಂಗ ನಿಂತ್ವು. ಆರನೇದು ನಾ ಬರೀಬೇಕಿತ್ತು. ಬಲಕ್ಕ ಹೋದೆ, ಇನ್ನೂ ಬಲಕ್ಕ ಹೋದೆ, ಬೋರ್ಡಿನ ಅಂಚಿಗೆ ಬಂದೆ. ಅಲ್ಲಿ ಒಂದೇ ಒಂದು ಚೌಕ, ಬಾಜೂಕ ಕಮಲಾಪುರ ಅಂತ ನನ್ನ ಕೈಬರಹ.

"ಗುಳಿಗಿ ಹ್ಯಾಂಗ ಕೊಡ್ತಾರ ಅಲ್ಲಿ?" ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದ್ರು. ಗುಳಿಗಿ ಎಣಸಿ ಕೊಡೋದು ನಮ್ಮಪ್ಪ. ಈ ಹಾಳಿ ಕಮಿಟಿಯವರ ಕೈಗೆ ಹೋಗ್ತದ. ಮೂವತ್ನಾಲ್ಕು ವರ್ಷ ದುಡದು, ಶಾಲು ಹೊದಿಸಿಕೊಂಡು ಹೊರಗ ಬರೋ ತಿಂಗಳಿನಾಗ ಆರು ಊರೊಳಗ ಎಲ್ಲಾರಿಗಿಂತ ಕೆಟ್ಟವ ಅನಿಸ್ಕೋತಾನ. ಕೈಗೆ ಹತ್ತಿದ ಚಾಕ್‌ಪುಡಿ ಹೋಗಿದ್ರೂ ಭಾಳ ಹೊತ್ತು ಕೈ ತೊಳಕೋತಾನೇ ನಿಂತಿದ್ದೆ.

ಶನಿವಾರ, ಫೆಬ್ರುವರಿ 22

ಧೀರೇಂದ್ರ ಅಂದ, "ಆ ಒಂದು ಚೌಕ ಬಿಟ್ಟುಬಿಡೋಣ. ಒಂದು ಕಡಿ ದಾಖಲಿ ಸರಿ ಇಲ್ಲ ಅಂತ ಕಾರಣ ಬರದ್ರ ಆಯ್ತು. ಉಳಿದ ಐದೂ ಎಷ್ಟು ಚಂದ ಕೂಡ್ತಾವ ನೋಡು." ಅವನಿಗೆ ಯಾವ ಹೊಟ್ಟಿಕಿಚ್ಚೂ ಇಲ್ಲ, ಚಿತ್ರ ಚಂದ ಆಗಬೇಕು ಅಷ್ಟೇ.

ಯೋಚಿಸಿ ಹೇಳ್ತೀನಿ ಅಂದೆ. ಖರೇ ಹೇಳಬೇಕಂದ್ರ ಹೂಂ ಅನ್ನೋದೇ ನಾಲಿಗಿ ತುದಿಯಾಗಿತ್ತು.

ರವಿವಾರ, ಫೆಬ್ರುವರಿ 23

ಮುಂಜಾನೆ ಬಸ್ಸಿಗೆ ಕಮಲಾಪುರಕ್ಕ ಹೋದೆ. ಅವ್ವ ರೊಟ್ಟಿ ಬಡಿಯಾಕತ್ತಿದ್ಲು, ಅಪ್ಪ ದವಾಖಾನಿಗೆ ಹೋಗ್ಯಾನ ಅಂದ್ಲು. ನೆಟ್ಟಗ ಅಲ್ಲಿಗೇ ಹೋಗಿ ಬೆಂಚಿನ ಮ್ಯಾಲ ಕೂತೆ. ಅಪ್ಪ ನನ್ನ ನೋಡಿ ಹುಬ್ಬು ಹಾರಿಸಿದ, ಕೆಲಸ ಬಿಡಲಿಲ್ಲ.

ಗುಳಿಗಿ ತಪ್ಪು ಕೊಡ್ತಾನೇನು ಅಂತ ಕಳ್ಳನ ಕಾಯೋ ಪೊಲೀಸರಂಗ ನೋಡಿದೆ. ಎರಡೆರಡು ಸಲ ಎಣಸ್ತಾನ. ಚೀಟಿಯಾಗಿದ್ದದ್ದೇ ಕೊಡ್ತಾನ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿ ಇಲ್ಲ. ಭೀಮಬಾಯಿ ಅನ್ನೋ ಮುದುಕಿ ಎರಡನೇ ಸಲ ಗುಳಿಗಿ ಒಯ್ಯಲಿಕ್ಕೆ ಬಂದಿದ್ಲು.

"ನಿನ್ನಿ ಏನು ಉಂಡಿ ಭೀಮಬಾಯಿ?" ಅಂದ ಅಪ್ಪ, ತಲಿ ಎತ್ತಲಾರದೆ.

"ಏನು ಉಣ್ಣೋದೋ ಯಪ್ಪಾ, ರೊಟ್ಟಿ, ಪುಂಡಿಪಲ್ಯಾ. ಅರ್ಧ ರೊಟ್ಟಿಗೇ ಸಾಕಾಯ್ತು."

"ಅರ್ಧಕ್ಕ ಯಾಕ ಸಾಕಾಯ್ತು? ಉರೀತದಾ?"

"ಉರೀತದ."

"ಹೊರಕಡಿ?"

ಮುದುಕಿ ಸೆರಗು ಬಾಯಿಗಿಟ್ಟು ಏನೋ ಅಂದ್ಲು. ಅಪ್ಪ ಎಣಸಿದ ಗುಳಿಗಿ ತಿರುಗಿ ಡಬ್ಬಿಯೊಳಗ ಹಾಕಿ, ಕೆಂಪು ಪೆನ್ನು ತಗೊಂಡ. ಆಮ್ಯಾಲ ಆಕಿನ್ನ ಕೈ ಹಿಡದು ಡಾಕ್ಟರ ಕೋಣಿ ತನಕ ಬಿಟ್ಟುಬಂದ.

ಊಟಕ್ಕ ಕೂತಾಗ ಎಲ್ಲಾ ಹೇಳಿದೆ. ಚೌಕ, ಗೆರಿ, ನೂರಕ್ಕ ಹತ್ತೊಂಬತ್ತು. ಅಪ್ಪ ತುತ್ತು ಬಾಯಿಗೆ ಒಯ್ದವ ನಿಂತ.

"ಹತ್ತೊಂಬತ್ತಾ? ನಾ ಇಪ್ಪತ್ತರ ಮ್ಯಾಲ ಅಂದ್ಕೊಂಡಿದ್ದೆ."

"ಅಪ್ಪಾ, ನಗೋ ಮಾತಲ್ಲ ಇದು. ನಿನ್ನ ಹೆಸರಿಗೆ ಬರ್ತದ. ಉಳಿದವರದ್ದೆಲ್ಲಾ ಎರಡು, ಮೂರು. ನಾ ಕಮಲಾಪುರ ಬಿಟ್ಟುಬಿಡ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ."

ಅಪ್ಪ ಸಿಟ್ಟಾಗೋದು ನಾ ಭಾಳ ನೋಡಿಲ್ಲ. ಇವತ್ತೂ ಆಗಲಿಲ್ಲ. ಗಂಗಾಳ ಸರಸಿ ಕೈ ತೊಳದು ಬಂದು ಕೂತ. "ಯಾರರ ಒಬ್ರು ಓದ್ತಾರ ಅಂತ ಬರದೀನಿ ಶೀಲಾ. ಎಷ್ಟು ಡಾಕ್ಟರು ಬಂದು ಹೋದ್ರು, ಎಷ್ಟು ಕಮಿಟಿ ಬದಲಿ ಆದ್ವು. ಕಪ್ಪು ಶಾಯಿ ನೋಡಿ ಸಹಿ ಹಾಕ್ತಾರ. ಮೂವತ್ನಾಲ್ಕು ವರ್ಷದಾಗ ಕೆಂಪು ಓದಿದಾಕಿ ನೀ ಮೊದಲ್ನೇಕಿ. ನೀನೇ ತೆಗೀತೀನಿ ಅಂದ್ರ ಹ್ಯಾಂಗ?"

ಬರುವಾಗ ಚೀಲದಾಗ ಕೆಂಪು ಬಾಳಿಹಣ್ಣು ತುಂಬಿದ. ಬಸ್ಸಿನಾಗ ಒಂದೂ ತಿನ್ನಲಿಕ್ಕೆ ಆಗಲಿಲ್ಲ. ನನ್ನ ಮ್ಯಾಲ ನನಗೇ ಅಸಹ್ಯ ಆಗಿತ್ತು.

ಸೋಮವಾರ, ಫೆಬ್ರುವರಿ 24

ಕ್ಲಾಸಿಗೆ ಮೊದಲೇ ಮೇಡಂ ಕೋಣಿಗೆ ಹೋಗಿ ಹೇಳಿಬಿಟ್ಟೆ. ಭೀಮಶಾ ನಮ್ಮಪ್ಪ. ಮುಚ್ಚಿಟ್ಟಿದ್ದೆ. ಚೌಕ ಬಿಡೋಣ ಅನ್ನೋ ವಿಚಾರಾನೂ ಮಾಡಿದ್ದೆ. ಹೇಳ್ತಾ ಹೇಳ್ತಾ ದನಿ ನಡುಗ್ತು.

ಮೇಡಂ ಚಷ್ಮಾ ತೆಗದು ಒರಸಿಕೊಂಡ್ರು. "ಮೊದಲ ದಿನ ಹೇಳಬೇಕಿತ್ತು ಪಂಚಶೀಲಾ. ಓದವರು ಯಾರು ಅನ್ನೋದೂ ದಾಖಲಿಯಾಗ ಬರಬೇಕು. ಈಗ ಬರದಿಡ್ರಿ. ಧೀರೇಂದ್ರ ಬ್ಯಾರೆ ಓದ್ಯಾರ, ಅಂಕಿ ಒಂದೇ ಬಂದದ, ಅದಕ್ಕ ಬಚಾವಾದ್ರಿ." ಬೈದದ್ದು ಅಷ್ಟೇ. ಆಮ್ಯಾಲ ನಿಧಾನಕ್ಕ ಕೇಳಿದ್ರು, "ನಿಮ್ಮ ತಂದಿಯವರು ಮರಳಿ ಬಂದವರನ್ನ ಕೇಳ್ಯಾರ. ಉಳಿದ ಐದು ಕಡಿ ಯಾರು ಕೇಳ್ಯಾರ?"

ಯಾರೂ ಕೇಳಿಲ್ಲ. ಮೊದಲ್ನೇ ದಿನ ಮೇಡಂ ಬೋರ್ಡಿನ ಮುಂದ, ಯಾರು ಬರದಾರ ಅಂತ ಕೇಳ್ರಿ ಅಂದದ್ದು ಇದಕ್ಕೇ. ನಾ ಇಷ್ಟು ದಿನ ಅಪ್ಪನ ಕಡಿ ಅನುಮಾನದಲೇ ನೋಡೀನಿ, ಸ್ವಚ್ಛ ಇದ್ದ ಐದು ರಜಿಸ್ಟರಿನ ಕಡಿ ಒಂದು ಸಲಾನೂ ಹಂಗ ನೋಡಿಲ್ಲ.

"ಅನುಮಾನ ಇದ್ರ ಸಾಲದು, ತೋರಸಬೇಕು" ಅಂದ್ರು ಮೇಡಂ. ಐದರಾಗ ಒಂದು ದವಾಖಾನಿ ಆರಿಸಿ, ಕಮಿಟಿ ಅನುಮತಿ ತಗೊಂಡು, ಗುಳಿಗಿ ಒಯ್ದವರಿಗೆ ನಾವೇ ಫೋನ್ ಹಚ್ಚಬೇಕು.

ಕಾಕು ಇವತ್ತೂ ಏಕಾದಶಿ. ಮಲಕೊಂಡೇ ಇದ್ರು, ಬಾಳಿಹಣ್ಣು ನಾಳಿ ಪಾರಣಿಗೆ ಇಡು ಅಂದ್ರು.

ಶನಿವಾರ, ಮಾರ್ಚ್ 1

ಮೂರು ದಿನ ಫೋನ್ ಹಚ್ಚೇ ಹಚ್ಚಿದ್ವಿ. ಮೊದಲ್ನೇ ದಿನ ನನಗ ನಾಚಿಕಿ ಬಂದು ಎರಡು ಸಲ ಫೋನ್ ಕಟ್ ಮಾಡಿದೆ. ಧೀರೇಂದ್ರ ಒಬ್ಬ ಅಜ್ಜಗ ನೆಟ್ಟಗ ಬಣ್ಣ ಕೇಳಿ, "ನಿಮ್ಮವ್ವಗ ಕೇಳೋ ಮಗನ" ಅಂತ ಬೈಸ್ಕೊಂಡ. ಐವತ್ತೊಂದು ಮಂದಿ ಮಾತಾಡಿದ್ರು. ಒಂಬತ್ತು ಮಂದಿಗೆ ತೊಂದರಿ ಆಗಿತ್ತು. ಆ ದವಾಖಾನಿ ರಜಿಸ್ಟರಿನಾಗ ಈ ಐವತ್ತೊಂದು ಮಂದಿಯೊಳಗ ಬರದದ್ದು ಒಂದೇ.

ಐವತ್ತೊಂದಕ್ಕ ಒಂಬತ್ತು ಅಂದ್ರ ನೂರಕ್ಕ ಹದಿನೇಳು ಹದಿನೆಂಟು. ಅಪ್ಪನ ಚೌಕದ ಬಾಜೂಕೇ ಬರ್ತದ.

ಮೇಡಂ ಖುಷಿ ಆದ್ರೂ ಹಗ್ಗ ಬಿಡಲಿಲ್ಲ. ನೆನಪಿನ ಮಾತು ಪೂರಾ ನಂಬಬ್ಯಾಡ್ರಿ, ಫೋನ್ ಎತ್ತದವರ ಕಥಿ ನಮಗ ಗೊತ್ತಿಲ್ಲ, ಅದನ್ನೂ ಬರೀರಿ ಅಂದ್ರು. ಬರದೆ. ಧೀರೇಂದ್ರ ನನ್ನ ಬಾಜೂ ಬಂದು ನಿಂತು, "ಭೀಮಶಾ ಅವರು ನಿಮ್ಮ ತಂದಿ ಅಂತಲ್ಲ. ನಾ ಏನೇನೋ ಮಾತಾಡಿದೆ" ಅಂದ. "ನಾನೂ ನಕ್ಕಿದ್ದೆ" ಅಂದೆ.

ಮಂಗಳವಾರ, ಮಾರ್ಚ್ 4

ಇದನ್ನ ಪೂರಾ ಬರೀಬೇಕು. ಮೇಡಂ ನಮ್ಮ ಹನ್ನೆರಡೂ ಮಂದಿನ್ನ ಕಮಲಾಪುರಕ್ಕ ಕರಕೊಂಡು ಹೋಗಿದ್ರು. ದೊಡ್ಡವರು ಬಂದ್ರು ಅಂತ ಅಪ್ಪ ಕುರ್ಚಿ ತರಲಿಕ್ಕೆ ಎದ್ದ. ಮೇಡಂ ಬ್ಯಾಡ ಅಂದು ಬೆಂಚಿನ ಮ್ಯಾಲ, ರೋಗಿಗಳ ನಡುವನೇ ಕೂತ್ರು. ಒಪ್ಪತ್ತು ಸುಮ್ನ ಕೂತು ನೋಡಿದ್ರು. ಕಿಡಕಿ ಮುಚ್ಚೋ ಹೊತ್ತಿಗೆ ಎದ್ದು ಹೋಗಿ, "ಭೀಮಶಾ ಅವರೇ, ಇವರಿಗೆ ಅಂಕಿ ಕೂಡಿಸೋದು ನಾ ಕಲಿಸೀನಿ. ಕೇಳೋದು ನನಗ ಬರಂಗಿಲ್ರಿ. ಅದನ್ನ ನೀವು ಕಲಿಸ್ರಿ" ಅಂದ್ರು.

ಅಪ್ಪ ಅಂಗಿ ಗುಂಡಿ ಮುಟ್ಟಿ ನೋಡ್ಕೊಂಡ. ನಾಚ್ಕೊಂಡಾಗ ಹಂಗ ಮಾಡ್ತಾನ. "ಅದರಾಗೇನದ್ರಿ ಮೇಡಂ" ಅಂತಾನೇ ಶುರು ಮಾಡಿ ಒಂದು ತಾಸು ಹೇಳಿದ. ಮುಖ ನೋಡಿ ಕೇಳಬ್ಯಾಡ್ರಿ, ಗುಳಿಗಿ ಎಣಸ್ತಾ ಕೇಳ್ರಿ, ನಾಚಿಕಿ ಅರ್ಧ ಇಳೀತದ. ಮೊದಲ್ನೇ ಮಾತು ಹೊಟ್ಟೀದು ಬ್ಯಾಡ, ಊಟದ್ದು. ನಿನ್ನಿ ಏನು ಉಂಡಿ ಅಂದ್ರ ಯಾರೂ ಸಿಟ್ಟಾಗಂಗಿಲ್ಲ. ಉಂಡದ್ದು ಹೇಳಿದವ್ರು ಉಳಿದದ್ದೂ ಹೇಳ್ತಾರ. ಕಾಲು ಬಾತದಾ ಅಂತ ಕೇಳಬ್ಯಾಡ್ರಿ, ಇಲ್ಲ ಅಂತಾರ. ಚಪ್ಪಲಿ ಬಿಗೀತದಾ ಅಂತ ಕೇಳ್ರಿ. ಆಮ್ಯಾಲ ಹೆಬ್ಬಟ್ಟು ಒತ್ತಿ ನೋಡ್ರಿ.

ಸುಮೇಧಾ ಮೇಡಂ ಮುಂದಿನ ಸಾಲಿನ ಹುಡುಗಿಯಂಗ ನೋಟುಬುಕ್ಕಿನಾಗ ಬರ್ಕೊಳ್ಳಾಕತ್ತಿದ್ರು. ಅಷ್ಟು ಓದಿದವರು, ಅಷ್ಟು ದೇಶ ತಿರುಗಿದವರು. ನನ್ನ ಕಣ್ಣಾಗ ಅವರು ಇವತ್ತು ದೊಡ್ಡವರಾದ್ರು. ಅಪ್ಪ ಮೊದಲಿನಿಂದಾನೂ ಅಷ್ಟೇ ಇದ್ದ, ನನಗೇ ಕಂಡಿರಲಿಲ್ಲ.

ಶುಕ್ರವಾರ, ಮಾರ್ಚ್ 7

ಆರೂ ಕಮಿಟಿಯವರ ಮುಂದ ಓದಿದೆ. ಆರೂ ಚೌಕ ಇಟ್ಟೇ ಓದಿದೆ. ಎಡಕ್ಕಿರೋ ಐದು ಕಡಿ ಜನಕ್ಕ ಆರಾಮದ ಅಂತ ಅರ್ಥ ಅಲ್ಲ, ಅಲ್ಲಿ ಕೇಳಿಲ್ಲ ಅಂತ ಅರ್ಥ, ಕೇಳಿದ ಕಡಿ ನಂಬಬೇಕು ಅಂದೆ. "ಕಮಲಾಪುರದ ದಾಖಲಿ ಬರದವರು ಭೀಮಶಾ, ಅವರು ನನ್ನ ತಂದಿ" ಅಂತ ಮೊದಲ್ನೇ ಸಾಲಿನಾಗೇ ಹೇಳಿದೆ, ದನಿ ನಡುಗಲಿಲ್ಲ. ನಮ್ಮ ಕಮಲಾಪುರ ಕಮಿಟಿಯ ತುಕಾರಾಮ ಅವರು ಎದ್ದು, ಹಳೀ ರಜಿಸ್ಟರು ರದ್ದಿಗೆ ಹಾಕೋದಿತ್ತು, ಇನ್ನ ಹಾಕಂಗಿಲ್ಲ ಅಂದ್ರು. ಮೇಡಂ ನಕ್ಕರು. ಅವರು ನಕ್ಕದ್ದು ಐದು ವಾರದಾಗ ಇದೇ ಮೊದಲು.

ಮಂಗಳವಾರ, ಮಾರ್ಚ್ 11

ದವಾಖಾನಿ ವರಾಂಡಾದಾಗ ಕೂತು ಬರೀಲಿಕತ್ತೀನಿ.

ನಿನ್ನಿ ಏಕಾದಶಿ, ಇವತ್ತು ದ್ವಾದಶಿ. ಕಾಕು ಬೆಳಗಾಗೋದ್ರೊಳಗ ಅಡಿಗಿ ಮುಗಸಬೇಕು. ಮಗ ಸೊಸಿ ಬಾಗಲಕೋಟಿಗೆ ಹೋಗ್ಯಾರ. ಏಳಾದ್ರೂ ಒಗ್ಗರಣಿ ವಾಸನಿ ಬರಲಿಲ್ಲ. ಹೋಗಿ ನೋಡಿದ್ರ ಅಡಿಗಿಮನಿ ಗ್ವಾಡಿಗೆ ಆತುಕೊಂಡು ಕೂತಾರ, ಮುಖ ಬಿಳಚಿಕೊಂಡದ. ನಾ ಒಳಗ ಹೋದೆ. ಬಾಜೂಕ ಕೂತು, ಅವರು ಸೋಸಲಿಕ್ಕೆ ಇಟ್ಟಿದ್ದ ಮೆಂತ್ಯಪಲ್ಯಾ ತಗೊಂಡು ಎಲಿ ಬಿಡಸಾಕತ್ತಿದೆ.

"ಮೊನ್ನಿ ಏನು ಉಂಡಿದ್ರಿ ಕಾಕು?"

"ಏನು ಉಣ್ಣೋದು ಬಾಳಾ. ಎರಡು ತುತ್ತು ಅನ್ನ. ಹೊಟ್ಟಿಯೊಳಗ ಬೆಂಕಿ ಬಿದ್ದಂಗ ಆಗ್ತದ."

"ಗುಳಿಗಿ?"

"ಅದನ್ನ ಬಿಟ್ಟರ ಏಳಲಿಕ್ಕೇ ಬರಂಗಿಲ್ಲ. ನಾಲ್ಕು ತಿಂಗಳಾತು."

"ಹೊರಕಡಿ ಯಾವ ಬಣ್ಣ ಅದರೀ?" ಮುಖ ನೋಡಲಿಲ್ಲ, ಪಲ್ಯಾದ ಕಡಿ ನೋಡಿಕೋತ ಕೇಳಿದೆ.

ಅವರು ಸೆರಗು ಬಾಯಿಗಿಟ್ಟುಕೊಂಡ್ರು. "ಕರೀ. ಡಾಂಬರಿನಂಗ. ಆರು ದಿನ ಆತು. ಮಗಗ ಹ್ಯಾಂಗ ಹೇಳೋದು?"

ಕಾಲು ಮುಟ್ಟಿ ಹೆಬ್ಬಟ್ಟು ಒತ್ತಿದೆ. ಕುಣಿ ಬಿತ್ತು, ತುಂಬಲೇ ಇಲ್ಲ. ಇಬ್ಬರೂ ಆ ಕುಣಿ ನೋಡಿಕೋತ ಕೂತ್ವಿ. ಮಡಿ ಮಾತು ಅವರೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ. ಆಟೋ ಕರದು ಸೇಡಂ ರಸ್ತಿ ಮ್ಯಾಲಿನ ದೊಡ್ಡ ದವಾಖಾನಿಗೆ ಕರಕೊಂಡು ಬಂದೆ. ಹೊಟ್ಟಿಯೊಳಗ ಹುಣ್ಣಾಗಿ ರಕ್ತ ಸೋರಾಕತ್ತಿತ್ತಂತ. ಎರಡು ಬಾಟ್ಲಿ ರಕ್ತ ಏರಸ್ಯಾರ. ಇನ್ನೆರಡು ದಿನ ಬಿಟ್ಟಿದ್ರ ಕಷ್ಟ ಇತ್ತು ಅಂದ್ರು ಡಾಕ್ಟರು. ಈಗ ನಿದ್ದಿ ಮಾಡಾಕತ್ತಾರ, ಮುಖಕ್ಕ ಬಣ್ಣ ಬಂದದ. ಮಗ ಸೊಸಿ ಸಂಜಿಗೆ ಬರ್ತಾರ.

ಅಪ್ಪಗ ಫೋನ್ ಹಚ್ಚಿದೆ. ಎಷ್ಟು ದಿನ, ಎಷ್ಟು ಗುಳಿಗಿ, ಖಾಲಿ ಹೊಟ್ಟೀಲೇನು, ಕುಣಿ ಎಷ್ಟು ಹೊತ್ತು ನಿಲ್ತು, ಎಲ್ಲಾ ಕೇಳಿದ. ಶಹಬ್ಬಾಸ್ ಅಂತಾನೇನೋ ಅಂತ ಕಾದೆ.

"ಬರ್ಕೊಂಡಿಯೇನು?" ಅಂದ.

ನರ್ಸಮ್ಮನ ಕಡಿ ಕೆಂಪು ಪೆನ್ನು ಇಸ್ಕೊಂಡೀನಿ.

ಇಂದೂಬಾಯಿ, 68, ಗಾಜಿಪುರ. ಮೊಣಕಾಲು ನೋವಿನ ಗುಳಿಗಿ, ನಾಲ್ಕು ತಿಂಗಳು, ಉಪವಾಸದ ದಿನವೂ. ಸಂಡಾಸ ಡಾಂಬರ್ ಬಣ್ಣ, ಆರು ದಿನ. ಕಾಲು ಬಾವು, ಹೆಬ್ಬಟ್ಟು ಒತ್ತಿದರೆ ಕುಣಿ. ಗುಳಿಗಿ ಬಿಡಿಸಿದೆ. ಒಂದೇ ಮನೆಯಲ್ಲಿ ಐದು ವಾರ ಇದ್ದೆ. ಕೇಳಿದ್ದು ಇವತ್ತು.